‘ಕಕೇಶಿಯನ್’: ಕ್ರಯಪತ್ರದೊಳಗೆ ಕೂತ ಒಂದು ವಿಶೇಷಣ



ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರಿಗಾಗಿ ಏರ್ಪಡಿಸಿದ ಈ ದತ್ತಿ ಉಪನ್ಯಾಸ ನುಡಿಗೆ ಸಂಬಂಧಪಟ್ಟಿರಬೇಕು ಎಂಬುದೊಂದೇ ದತ್ತಿಯ ಷರತ್ತು. ಹಳಗನ್ನಡದ ಯಾವುದಾದರೂ ಪದ ಹಿಡಿದು ಬಂದಿರುತ್ತಾನೆ ಎಂದು ನೀವು ಕಾದಿದ್ದರೆ ಕ್ಷಮಿಸಬೇಕು. ನಾನು ಆರಿಸಿಕೊಂಡಿರುವುದು ಇಂಗ್ಲಿಷಿನ ಒಂದು ವಿಶೇಷಣ, ‘ಕಕೇಶಿಯನ್’. ಆಸ್ಪತ್ರೆಯ ಅರ್ಜಿಗಳಲ್ಲಿ, ಪೊಲೀಸರ ಪ್ರಕಟಣೆಗಳಲ್ಲಿ, ಔಷಧಿ ಪ್ರಯೋಗದ ವರದಿಗಳಲ್ಲಿ ಇದನ್ನು ನೀವೆಲ್ಲ ಕಂಡಿದ್ದೀರಿ. ‘ಬಿಳಿಯರು’ ಎನ್ನುವುದಕ್ಕೆ ಕೊಂಚ ಮರ್ಯಾದೆಯ, ಕೊಂಚ ವಿಜ್ಞಾನದ ವಾಸನೆಯ ಪರ್ಯಾಯ ಎಂದುಕೊಂಡು ಮುಂದೆ ಹೋಗಿದ್ದೀರಿ. ಆದರೆ ಈ ಊರಿನಲ್ಲಿ ಆ ಪದ ಇನ್ನೊಂದು ಜಾಗದಲ್ಲೂ ಇದೆ. ಸಿಯಾಟಲ್‌ನ ಉತ್ತರಕ್ಕಿರುವ ಬ್ಲೂ ರಿಡ್ಜ್, ಶೋರ್‌ಲೈನಿನ ಇನಿಸ್ ಆರ್ಡನ್ ಮೊದಲಾದ ಹಳೆಯ ಬಡಾವಣೆಗಳ ಪತ್ರಗಳಲ್ಲಿ, ಈ ನಿವೇಶನವನ್ನು ಬಿಳಿಯ ಅಥವಾ ಕಕೇಶಿಯನ್ ಜನಾಂಗಕ್ಕೆ ಸೇರದವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು, ಅಂಥವರು ಅಲ್ಲಿ ವಾಸ ಮಾಡಕೂಡದು ಎಂಬ ಅರ್ಥದ ಷರತ್ತು ಇದೆ. ಮನೆಕೆಲಸದವರಿಗೆ ಮಾತ್ರ ವಿನಾಯಿತಿ.

ಈ ಎರಡು ಬಡಾವಣೆಗಳ ಜಮೀನು ವಿಮಾನ ಕಂಪನಿಯ ವಿಲಿಯಂ ಬೋಯಿಂಗ್ ಅವರದು. 1930ರ ಮತ್ತು 40ರ ದಶಕಗಳಲ್ಲಿ ಅವರೂ ಅವರ ಪತ್ನಿಯೂ ನಗರದ ಉತ್ತರದಲ್ಲಿದ್ದ ತಮ್ಮ ಭೂಮಿಯನ್ನು ಬಡಾವಣೆ ಮಾಡಿಸಿ ಮಾರಿದಾಗ ಈ ಷರತ್ತನ್ನು ಸೇರಿಸಿದರು. ಅವರೊಬ್ಬರೇ ಅಲ್ಲ, ಆ ಕಾಲದ ಬಡಾವಣೆದಾರರಲ್ಲಿ ಇದನ್ನು ಬರೆಸದಿದ್ದವರನ್ನು ಹುಡುಕಬೇಕು.

ಪದ ಹುಟ್ಟಿದ್ದು ಇಲ್ಲಿಂದ ಬಹಳ ದೂರ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕ್ರಿಸ್ಟೋಫ್ ಮೈನರ್ಸ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕ 1785ರಲ್ಲಿ ಮನುಕುಲವನ್ನು ಎರಡು ಪಾಲು ಮಾಡಿದ. ಒಂದು ಚೆಲುವರ ಪಾಲು, ಇನ್ನೊಂದು ಕುರೂಪಿಗಳ ಪಾಲು. ಚೆಲುವರಿಗೆ ಅವನಿಟ್ಟ ಹೆಸರಿನಲ್ಲಿ ಕಾಕಸಸ್ ಪರ್ವತ ಬರುತ್ತದೆ. ಮೈನರ್ಸ್‌ನನ್ನು ಇವತ್ತು ಯಾರೂ ಓದುವುದಿಲ್ಲ, ನಷ್ಟವೂ ಇಲ್ಲ. ಪದಕ್ಕೆ ಆಯುಸ್ಸು ಕೊಟ್ಟವನು ಅದೇ ವಿಶ್ವವಿದ್ಯಾಲಯದ ಯೋಹಾನ್ ಫ್ರೀಡ್ರಿಕ್ ಬ್ಲೂಮೆನ್‌ಬಾಕ್. ಅವನು ವೈದ್ಯ, ಅಂಗರಚನಾಶಾಸ್ತ್ರಜ್ಞ, ತಲೆಬುರುಡೆಗಳ ಸಂಗ್ರಾಹಕ. ಅವನ ಬಳಿ ಇನ್ನೂರಕ್ಕೂ ಹೆಚ್ಚು ಬುರುಡೆಗಳು ಸೇರಿದವು. ಮನುಷ್ಯರ ವೈವಿಧ್ಯದ ಬಗ್ಗೆ 1775ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕವನ್ನು 1795ರ ಮೂರನೆಯ ಆವೃತ್ತಿಗಾಗಿ ತಿದ್ದಿದಾಗ ಐದು ಬಗೆಗಳನ್ನು ಹೆಸರಿಸಿದ: ಕಕೇಶಿಯನ್, ಮಂಗೋಲಿಯನ್, ಇಥಿಯೋಪಿಯನ್, ಅಮೆರಿಕನ್, ಮಲಯ.

ಮೊದಲನೆಯದಕ್ಕೆ ಆ ಹೆಸರು ಯಾಕೆ? ಕಾಕಸಸ್ಸಿನ ದಕ್ಷಿಣ ತಪ್ಪಲಿನ ಜಾರ್ಜಿಯಾದ ಜನ ಜಗತ್ತಿನಲ್ಲೇ ಅತ್ಯಂತ ಸುಂದರರು ಎಂದು ಅವನು ನಂಬಿದ್ದ. ಅದಕ್ಕೆ ಆಧಾರವಾಗಿ ಕೊಟ್ಟದ್ದು ಷಾರ್ಡನ್ ಎಂಬ ಹದಿನೇಳನೆಯ ಶತಮಾನದ ಫ್ರೆಂಚ್ ರತ್ನವ್ಯಾಪಾರಿಯ ಪ್ರವಾಸಕಥನ. ಜೊತೆಗೆ ಮನುಕುಲದ ಮೂಲಸ್ಥಾನವೂ ಅಲ್ಲೇ ಇರಬೇಕೆಂಬ ಊಹೆ. ಕಣ್ಣೆದುರಿಗಿದ್ದ ಸಾಕ್ಷಿ ಒಂದು ಹೆಣ್ಣಿನ ತಲೆಬುರುಡೆ. ಜಾರ್ಜಿಯಾದಿಂದ ಸೆರೆಯಾಗಿ ಮಾಸ್ಕೋಗೆ ಬಂದು ಅಲ್ಲೇ ಸತ್ತ ಒಬ್ಬಳದು. ರಷ್ಯಾದಲ್ಲಿದ್ದ ಅವನ ಮಿತ್ರ, ವೈದ್ಯ ಫಾನ್ ಆಶ್, ಅದನ್ನು 1793ರಲ್ಲಿ ಕಳಿಸಿಕೊಟ್ಟ. ಆ ಹೆಂಗಸಿನ ಹೆಸರು ಯಾರೂ ಬರೆದಿಟ್ಟಿಲ್ಲ. ಅಮೆರಿಕದ ಇತಿಹಾಸಕಾರ್ತಿ ನೆಲ್ ಅರ್ವಿನ್ ಪೇಂಟರ್ 2010ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬುರುಡೆಯ ಕಥೆಯನ್ನು ಬಿಡಿಸಿ ಹೇಳಿದ್ದಾರೆ. ಒಬ್ಬ ಸೆರೆಯಾಳಿನ ಅಸ್ಥಿಯಿಂದ ಒಡೆಯರ ಜನಾಂಗಕ್ಕೆ ನಾಮಕರಣವಾಯಿತು ಎಂಬುದನ್ನು ಓದಿದಾಗ, ಪುಸ್ತಕವನ್ನು ಕೆಳಗಿಟ್ಟು ಸುಮ್ಮನೆ ಕೂರಬೇಕಾಯಿತು.

ಬ್ಲೂಮೆನ್‌ಬಾಕ್‌ಗೆ ಅನ್ಯಾಯ ಮಾಡಬಾರದು. ಮನುಷ್ಯರೆಲ್ಲ ಒಂದೇ ಪ್ರಭೇದ, ಒಂದು ಬಗೆ ಇನ್ನೊಂದರೊಳಗೆ ಗೊತ್ತೇ ಆಗದಂತೆ ಕರಗುತ್ತದೆ, ನಡುವೆ ಗೆರೆ ಎಳೆಯಲಾಗದು ಎಂದು ಅವನು ಖಚಿತವಾಗಿ ಬರೆದಿದ್ದ. ಮುಂದೆ ಅವನ ಪಟ್ಟಿ ಉಳಿಯಿತು, ಎಚ್ಚರಿಕೆ ಉದುರಿಹೋಯಿತು. ಇನ್ನೊಂದು ಸ್ವಾರಸ್ಯ ಅವನು ಕಕೇಶಿಯನ್ನರಿಗೆ ಹಾಕಿಕೊಟ್ಟ ಎಲ್ಲೆಯದು. ಲಾಪ್ ಮತ್ತು ಫಿನ್ ಜನರನ್ನು ಬಿಟ್ಟು ಯುರೋಪೆಲ್ಲ, ಉತ್ತರ ಆಫ್ರಿಕಾ, ಏಷ್ಯಾದಲ್ಲಿ ಓಬ್ ನದಿ, ಕ್ಯಾಸ್ಪಿಯನ್ ಸಮುದ್ರ ಮತ್ತು ಗಂಗಾನದಿಯವರೆಗೆ. ಗಂಗೆಯವರೆಗೆ! ಫಿನ್ಲೆಂಡಿನವರು ಹೊರಗೆ, ಕಾಶಿಯವರು ಒಳಗೆ. ಭೂಪಟದಲ್ಲಿ ಪಶ್ಚಿಮದಿಂದ ಬೆರಳಾಡಿಸುತ್ತ ಬಂದರೆ ಧಾರವಾಡ, ಮಂಗಳೂರು, ಮೈಸೂರು ಎಲ್ಲವೂ ಗಂಗೆಗಿಂತ ಮೊದಲೇ ಸಿಗುತ್ತವೆ. ಹಾಗಾಗಿ ಪದಕ್ಕೆ ಆಯುಸ್ಸು ಕೊಟ್ಟವನ ಲೆಕ್ಕದಲ್ಲಿ ನಾವೂ ನೀವೂ ಕಕೇಶಿಯನ್ನರೇ. ಈ ಎಲ್ಲೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನ್ಯಾಯಾಲಯದಲ್ಲಿ ಇದಕ್ಕೆ ಕೆಲಸವಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂತು, ಅಟ್ಲಾಂಟಿಕ್ ದಾಟಿತು. ಅಮೆರಿಕದಲ್ಲಿ ಅದಕ್ಕೆ ಮೊದಲೇ ಒಂದು ಸಿದ್ಧ ಪೀಠ ಕಾದಿತ್ತು. 1790ರ ಪೌರತ್ವ ಕಾಯಿದೆಯ ಪ್ರಕಾರ ಪರದೇಶಗಳಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ ವ್ಯಕ್ತಿ’ ಮಾತ್ರ ಪೌರನಾಗಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಲಾಯಿತು. ನಡುವೆ ಉಳಿದವರ ಗತಿ ಏನು? ಬಿಳಿಯ ಎಂದರೆ ಯಾರು ಎಂದು ನ್ಯಾಯಾಧೀಶರು ಕೇಳಿಕೊಂಡಾಗ ಕೈಗೆ ಸಿಕ್ಕಿದ್ದು ‘ಕಕೇಶಿಯನ್’. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಯಪ್ ಎಂಬ ಚೀನೀಯನ ಅರ್ಜಿಯನ್ನು ತಳ್ಳಿಹಾಕುವಾಗ ನ್ಯಾಯಾಲಯ ಬ್ಲೂಮೆನ್‌ಬಾಕ್‌ನ ಐದು ಬಗೆಗಳನ್ನೇ ಎತ್ತಿ ಹೇಳಿತು. ಲ್ಯಾಟಿನ್ ಪುಸ್ತಕದ ಊಹೆ ಹೀಗೆ ಕಾನೂನಿನ ಮಾತಾಯಿತು.

ಈಗ ನಮ್ಮವರ ಸರದಿ. 1907ರ ಸೆಪ್ಟೆಂಬರಿನಲ್ಲಿ, ಸಿಯಾಟಲ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಗಂಟೆಯ ದೂರದ ಬೆಲಿಂಗ್‌ಹ್ಯಾಮ್ ಊರಿನಲ್ಲಿ ಬಿಳಿಯ ಕಾರ್ಮಿಕರ ಗುಂಪು ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಹಾಸಿಗೆಯಿಂದ ಎಬ್ಬಿಸಿ, ಹೊಡೆದು, ಊರು ಬಿಡಿಸಿತು. ಓಡಿಸಿಕೊಂಡವರಲ್ಲಿ ಬಹುಪಾಲು ಸಿಖ್ಖರು. ಪತ್ರಿಕೆಗಳು ಬರೆದದ್ದು ‘ಹಿಂದೂ’ಗಳೆಂದು. ಆಗ ಇಲ್ಲಿ ‘ಹಿಂದೂ’ ಎಂದರೆ ಧರ್ಮವಲ್ಲ, ಮೈಬಣ್ಣ.

ಆರು ವರ್ಷದ ನಂತರ, 1913ರಲ್ಲಿ, ಅಮೃತಸರದ ಕಡೆಯ ಯುವಕ ಭಗತ್ ಸಿಂಗ್ ಥಿಂಡ್ ಸಿಯಾಟಲ್ ಬಂದರಿನಲ್ಲಿ ಇಳಿದ. ಆರೆಗನ್ನಿನ ಮರದ ಮಿಲ್ಲುಗಳಲ್ಲಿ ದುಡಿದ. 1918ರಲ್ಲಿ ಅಮೆರಿಕದ ಸೈನ್ಯ ಸೇರಿದ. ನಾವು ಟಕೋಮಾ ದಾಟಿ ಪೋರ್ಟ್‌ಲೆಂಡಿಗೆ ಹೋಗುವಾಗ ಫ್ರೀವೇ ಪಕ್ಕದಲ್ಲಿ ಕಾಣುವ ಸೇನಾನೆಲೆ ಆಗ ಕ್ಯಾಂಪ್ ಲೂಯಿಸ್. ಅಲ್ಲಿ ಪೇಟ ಕಟ್ಟಿಕೊಂಡೇ ಸೇವೆ ಮಾಡಿದ. ಆ ವರ್ಷದ ಡಿಸೆಂಬರ್ 9ರಂದು ಸಮವಸ್ತ್ರದಲ್ಲಿದ್ದಾಗಲೇ ಅವನಿಗೆ ಪೌರತ್ವ ಸಿಕ್ಕಿತು. ನಾಲ್ಕನೆಯ ದಿನ ಕಿತ್ತುಕೊಂಡರು. ಕಾರಣ, ಬಿಳಿಯನಲ್ಲ ಎಂಬುದು. ಆರೆಗನ್ನಿನಲ್ಲಿ ಮತ್ತೆ ಅರ್ಜಿ ಹಾಕಿದ, 1920ರಲ್ಲಿ ಅಲ್ಲಿನ ನ್ಯಾಯಾಧೀಶರು ಮತ್ತೆ ಕೊಟ್ಟರು. ಸರ್ಕಾರ ಮೇಲ್ಮನವಿ ಹೋಯಿತು.

ಇದೇ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಅದಕ್ಕೂ ಮೊದಲು, 1913ರಲ್ಲಿ, ಬಂಗಾಳದಿಂದ ಬಂದ ಅಕ್ಷಯ್ ಕುಮಾರ್ ಮಜುಂದಾರ್ ಅವರಿಗೆ ಪೌರತ್ವ ಸಿಕ್ಕಿತ್ತು, ಅವರು ಕಕೇಶಿಯನ್ ಎಂಬ ವಾದದ ಮೇಲೆ. ಹಾಗಾಗಿ ಥಿಂಡ್‌ನ ವಕೀಲರಿಗೆ ಧೈರ್ಯವಿತ್ತು. 1922ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅವರ ಕೈಗೆ ಇನ್ನೊಂದು ಆಯುಧವನ್ನೂ ಕೊಟ್ಟಿತು. ಹವಾಯಿಯ ತಕಾವೊ ಒಜಾವಾ ಎಂಬ ಜಪಾನೀಯರ ಅರ್ಜಿಯನ್ನು ನಿರಾಕರಿಸುತ್ತ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದ ಸಾರಾಂಶ ಇದು: ಬಿಳುಪು ಎನ್ನುವುದು ಚರ್ಮದ ಬಣ್ಣವಲ್ಲ, ಬಿಳಿಯ ಎಂದರೆ ಕಕೇಶಿಯನ್ ಜನಾಂಗದವ. ಅದೇ ದಿನ ಇನ್ನೊಂದು ತೀರ್ಪೂ ಬಂತು. ತಕೂಜಿ ಯಮಷಿತಾ ಅವರು 1902ರಲ್ಲಿ ಇಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಿಂದ ಹೊರಬಂದವರು. ಬಿಳಿಯರಲ್ಲವೆಂದು ರಾಜ್ಯದ ಕೋರ್ಟು ವಕೀಲಿಗೆ ಬಿಟ್ಟಿರಲಿಲ್ಲ. ಭೂಮಿ ಕೊಳ್ಳುವ ಕಂಪನಿಯನ್ನಾದರೂ ನೋಂದಾಯಿಸೋಣವೆಂದು ಹೊರಟ ಅವರನ್ನೂ ಸುಪ್ರೀಂ ಕೋರ್ಟ್ ಅಂದೇ ವಾಪಸು ಕಳಿಸಿತು. ಅವರನ್ನು ವಕೀಲರ ಪಟ್ಟಿಗೆ ಸೇರಿಸಿದ್ದು 2001ರಲ್ಲಿ, ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಸರಿ, ಬಿಳಿಯ ಎಂದರೆ ಕಕೇಶಿಯನ್. ಕಕೇಶಿಯನ್ನರ ಎಲ್ಲೆ ಗಂಗೆಯವರೆಗೆ. ಥಿಂಡ್ ಗಂಗೆಯ ಪಶ್ಚಿಮದವ. ತರ್ಕಶಾಸ್ತ್ರದ ಮೊದಲ ಪಾಠ ಓದಿದವರಿಗೂ ತೀರ್ಪು ಗೊತ್ತಾಗಬೇಕು. 1923ರ ಫೆಬ್ರವರಿ 19ರಂದು, ಒಜಾವಾ ತೀರ್ಪಿನ ಮೂರು ತಿಂಗಳ ಬಳಿಕ, ಅದೇ ಸದರ್ಲೆಂಡ್ ಬರೆದದ್ದು ಇದಕ್ಕೆ ತದ್ವಿರುದ್ಧ. ವಿದ್ವಾಂಸರ ‘ಕಕೇಶಿಯನ್’ ನಮಗೆ ಬೇಡ, ಕಾನೂನಿನ ‘ಬಿಳಿಯ’ ಎಂದರೆ ಸಾಮಾನ್ಯ ಮನುಷ್ಯ ಏನೆಂದು ತಿಳಿಯುತ್ತಾನೋ ಅದು, ಥಿಂಡ್‌ನನ್ನು ಯಾವ ಸಾಮಾನ್ಯ ಮನುಷ್ಯನೂ ಬಿಳಿಯ ಎನ್ನಲಾರ. ನವೆಂಬರಿನಲ್ಲಿ ಶಾಸ್ತ್ರ ಹೇಳಿದ್ದು ಸರಿ, ಕಣ್ಣಿಗೆ ಕಂಡದ್ದು ಲೆಕ್ಕಕ್ಕಿಲ್ಲ. ಫೆಬ್ರವರಿಯಲ್ಲಿ ಕಣ್ಣಿಗೆ ಕಂಡದ್ದೇ ಸರಿ, ಶಾಸ್ತ್ರ ಲೆಕ್ಕಕ್ಕಿಲ್ಲ. ಎರಡು ಸಲವೂ ಬಾಗಿಲು ಮಾತ್ರ ಮುಚ್ಚಿತು. ಈ ವಿಶೇಷಣದ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಇದು ಯಾರನ್ನೂ ಬಣ್ಣಿಸಲಿಕ್ಕಾಗಿ ಬಳಕೆಯಾದ ಪದವಲ್ಲ. ಯಾರನ್ನು ಹೊರಗಿಡಬೇಕು ಎಂಬುದು ಮೊದಲು ತೀರ್ಮಾನವಾಗುತ್ತಿತ್ತು, ಅರ್ಥ ಆಮೇಲೆ ಬರುತ್ತಿತ್ತು.

ತೀರ್ಪಿನಲ್ಲಿ ನಮಗೆ ಇನ್ನೂ ಹತ್ತಿರದ ಎರಡು ಸಂಗತಿಗಳಿವೆ, ಎರಡೂ ಹಿತವಾದವಲ್ಲ. ಒಂದು, ಥಿಂಡ್ ಪರವಾಗಿ ಹೂಡಿದ ವಾದ. ಸಿಖ್ಖನಾದ ಅವನನ್ನು ಕೋರ್ಟಿನ ಪ್ರಶ್ನೆಯಲ್ಲೇ ‘ಮೇಲ್ಜಾತಿಯ ಹಿಂದೂ’ ಎಂದು ಕರೆಯಲಾಗಿದೆ. ಮೇಲ್ಜಾತಿಯವರು ಆರ್ಯರು, ಜಾತಿಯ ಕಟ್ಟುಪಾಡಿನಿಂದಾಗಿ ರಕ್ತ ಬೆರಕೆಯಾಗಿಲ್ಲ, ಮದುವೆಯ ಮಟ್ಟಿಗೆ ಅಮೆರಿಕದ ಬಿಳಿಯರು ಕರಿಯರನ್ನು ಹೇಗೆ ನೋಡುತ್ತಾರೋ ಮೇಲ್ಜಾತಿಯ ಹಿಂದೂಗಳು ಮೂಲನಿವಾಸಿಗಳನ್ನು ಹಾಗೇ ನೋಡುತ್ತಾರೆ, ಆದ್ದರಿಂದ ಒಳಗೆ ಬಿಡಿ ಎಂಬುದು ವಾದದ ಧಾಟಿ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ವಕೀಲ ಕೈಗೆ ಸಿಕ್ಕಿದ್ದನ್ನು ಬೀಸುತ್ತಾನೆ ಎನ್ನಬಹುದು. ನನಗೆ ಆ ಸಮಾಧಾನ ಸಾಲದು. ಒಂದು ಬಾಗಿಲನ್ನು ತೆರೆಸಿಕೊಳ್ಳಲು ನಮ್ಮ ಊರಿನ ಇನ್ನೊಂದು ಮುಚ್ಚಿದ ಬಾಗಿಲನ್ನು ಪ್ರಮಾಣಪತ್ರದಂತೆ ತೋರಿಸಿದ ವಾದ ಅದು. ಒಂದು ಶತಮಾನ ಕಳೆದು, 2023ರ ಫೆಬ್ರವರಿ 21ರಂದು, ಸಿಯಾಟಲ್ ನಗರಸಭೆ ತನ್ನ ಸದಸ್ಯೆ ಕ್ಷಮಾ ಸಾವಂತ್ ಅವರು ಮಂಡಿಸಿದ ಮಸೂದೆಯನ್ನು ಒಪ್ಪಿತು; ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಸಿಯಾಟಲ್ ಆಯಿತು. ಅಂದು ‘ಜಾತಿಯನ್ನು ಈ ದೇಶಕ್ಕೆ ಯಾಕೆ ತರುತ್ತೀರಿ’ ಎಂದು ಕೇಳಿದವರು ನಮ್ಮಲ್ಲೂ ಇದ್ದರು. ಈ ದೇಶದ ಸರ್ವೋಚ್ಚ ನ್ಯಾಯಾಲಯದ ದಾಖಲೆಗೆ ಅದು 1923ರಲ್ಲೇ ಬಂದಾಗಿತ್ತು, ತಂದವರು ನಮ್ಮ ಕಡೆಯವರೇ.

ಎರಡನೆಯ ಸಂಗತಿ ಕನ್ನಡಿಗರಿಗೆ ಇನ್ನೂ ಹತ್ತಿರ. ಭಾರತದಲ್ಲಿ ರಕ್ತ ಬೆರಕೆಯಾಗಿದೆ ಎನ್ನಲು ಕೋರ್ಟು ಕೊಟ್ಟ ಉದಾಹರಣೆ, ಹಿಂದೂಸ್ತಾನ ಮತ್ತು ಬೇರಾರಿನಲ್ಲಿ ಆರ್ಯರು ಕಪ್ಪುಚರ್ಮದ ದ್ರಾವಿಡರೊಡನೆ ಬೆರೆತರು ಎಂಬುದು. ಇಡೀ ತೀರ್ಪಿನಲ್ಲಿ ದ್ರಾವಿಡ ಬರುವುದು ಹೀಗೆ, ಶುದ್ಧವಾಗಿದ್ದುದನ್ನು ಕೆಡಿಸಿದ ವಸ್ತುವಾಗಿ. ಥಿಂಡ್ ಗೆದ್ದಿದ್ದರೂ ಆ ವಾದದ ಮೇಲೆ ಹುಬ್ಬಳ್ಳಿಯವನಿಗೋ ಹಾಸನದವನಿಗೋ ಪೌರತ್ವ ಸಿಗುತ್ತಿತ್ತೆ ಎಂಬುದು ಅನುಮಾನ. ‘ದ್ರಾವಿಡ’ ಎಂಬುದನ್ನು 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಬಳಸಿದ್ದು ಕನ್ನಡ, ತಮಿಳು, ತೆಲುಗು, ಮಲಯಾಳಂ, ತುಳುಗಳ ಕುಟುಂಬಕ್ಕೆ ಹೆಸರಾಗಿ. 1901ರ ಜನಗಣತಿಯ ಹೊತ್ತಿಗೆ ಹರ್ಬರ್ಟ್ ರಿಸ್ಲಿ ಅದನ್ನು ಮೂಗಿನ ಅಳತೆಗೆ ಅಂಟಿಸಿದ್ದ. ಕೊಡವರನ್ನು ಮರಾಠರ ಜೊತೆ ಸೇರಿಸಿ ‘ಸಿಥೋ-ದ್ರಾವಿಡ’ ಎಂಬ ಕೋಣೆಗೆ ಹಾಕಿದ್ದ. ಆರ್ಯ ಎಂಬುದು ಭಾಷೆಯ ಮಾತು, ದೇಹದ್ದಲ್ಲ ಎಂದು ಅದೇ ತೀರ್ಪು ಒಂದು ಕಡೆ ಸರಿಯಾಗಿಯೇ ಹೇಳುತ್ತದೆ. ದ್ರಾವಿಡದ ವಿಷಯಕ್ಕೆ ಬರುವಾಗ ಆ ವಿವೇಕ ಮರೆತುಹೋಗುತ್ತದೆ.

ತೀರ್ಪಿನ ಪರಿಣಾಮ ಒಬ್ಬನಿಗೆ ನಿಲ್ಲಲಿಲ್ಲ. ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರ ಪೌರತ್ವ ರದ್ದಾಯಿತು, ಮಜುಂದಾರರದೂ ಹೋಯಿತು. ವಾಷಿಂಗ್ಟನ್ ರಾಜ್ಯದಲ್ಲಿ 1921ರಲ್ಲಿ ಬಂದಿದ್ದ ಕಾಯಿದೆಯ ಪ್ರಕಾರ ಪೌರರಾಗಲು ಅನರ್ಹರಾದವರು ಜಮೀನು ಹೊಂದುವಂತಿರಲಿಲ್ಲ. ಮತದಾರರು ಅದನ್ನು ಕಿತ್ತುಹಾಕಿದ್ದು 1966ರಲ್ಲಿ! ಭಾರತೀಯರಿಗೆ ಪೌರತ್ವದ ಹಕ್ಕು 1946ರ ಜುಲೈನಲ್ಲಿ ಬಂತು, ವರ್ಷಕ್ಕೆ 100 ಜನರ ವಲಸೆಯ ಕೋಟಾದೊಂದಿಗೆ. ಥಿಂಡ್‌ಗೆ ಅದಕ್ಕೂ ಮೊದಲೇ, 1936ರಲ್ಲಿ, ಮೊದಲ ಮಹಾಯುದ್ಧದ ಸೈನಿಕರಿಗಾಗಿ ಮಾಡಿದ ಕಾಯಿದೆಯಿಂದ ನ್ಯೂಯಾರ್ಕಿನಲ್ಲಿ ಮೂರನೆಯ ಸಲ ಪೌರತ್ವ ಸಿಕ್ಕಿತು, ಅದು ಉಳಿಯಿತು.

ಜನಗಣತಿಯ ಕಥೆ ಚಿಕ್ಕದು, ಆದರೆ ಹೇಳದಿರಲಾರೆ. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಯಲ್ಲಿ ‘ಹಿಂದೂ’ ಎಂಬುದೇ ಒಂದು ಜನಾಂಗ. 1970ರಲ್ಲಿ ಭಾರತೀಯರನ್ನು ‘ಬಿಳಿಯ’ರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ, ವಲಸಿಗರ ಸಂಘಟನೆಗಳು ಒತ್ತಾಯಿಸಿದ ಮೇಲೆ, ‘ಏಷಿಯನ್ ಇಂಡಿಯನ್’ ಎಂಬ ಹೊಸ ವಿಶೇಷಣ ಬಂತು. 1940ರಲ್ಲಿ ಇಲ್ಲಿದ್ದು 1980ರವರೆಗೆ ಬದುಕಿದವರು ಒಂದೇ ಚರ್ಮದಲ್ಲಿ ಮೂರು ಜನಾಂಗವಾದರು.

ಇನ್ನು ಮನೆಪತ್ರಗಳಿಗೆ ಬರೋಣ. ಸುಪ್ರೀಂ ಕೋರ್ಟು ‘ಕಕೇಶಿಯನ್’ ಪದವನ್ನು ಕೈಬಿಟ್ಟ ಆ ದಶಕದಲ್ಲೇ ಸಿಯಾಟಲ್‌ನ ಬಡಾವಣೆದಾರರು ಅದನ್ನು ಕೈಗೆತ್ತಿಕೊಂಡರು. ಸರ್ಕಾರ ಬಣ್ಣ ನೋಡಿ ವಲಯ ಹಾಕುವಂತಿಲ್ಲ ಎಂದು 1917ರಲ್ಲೇ ತೀರ್ಮಾನವಾಗಿತ್ತು. ಖಾಸಗಿ ಕರಾರಿಗೆ ತಡೆಯಿಲ್ಲ ಎಂದು 1926ರಲ್ಲಿ ಆಯಿತು. ಆ ಸಂದಿನಿಂದ ನುಗ್ಗಿದ್ದು ಈ ಷರತ್ತುಗಳು. ಕ್ಯಾಪಿಟಲ್ ಹಿಲ್‌ನಲ್ಲಿ ನೆರೆಹೊರೆಯವರೇ ಮನೆಯಿಂದ ಮನೆಗೆ ಹೋಗಿ ಸಹಿ ಹಾಕಿಸಿದರು. ಭಾಷೆಯಲ್ಲಿ ಎರಡು ಬಗೆ ಕಾಣುತ್ತದೆ. ಕೆಲವು ಪತ್ರಗಳು ಯಾರು ಇರಬಹುದು ಎಂದು ಹೇಳುತ್ತವೆ, ಅಲ್ಲಿ ‘ಕಕೇಶಿಯನ್’. ಕೆಲವು ಯಾರು ಇರಬಾರದು ಎಂದು ಹೆಸರು ಹಿಡಿದು ಪಟ್ಟಿ ಮಾಡುತ್ತವೆ: ಯಹೂದಿ, ಇಥಿಯೋಪಿಯನ್, ಮಲಯ, ಏಷಿಯಾಟಿಕ್. ಈ ಪಟ್ಟಿಯ ‘ಇಥಿಯೋಪಿಯನ್, ಮಲಯ’ ಎಲ್ಲಿಂದ ಬಂದವು ನೋಡಿ. 1920ರ ದಶಕದ ಸಿಯಾಟಲ್‌ನ ಗುಮಾಸ್ತನೊಬ್ಬ ಟೈಪ್ ಮಾಡಿದ್ದು 1795ರ ಗಟಿಂಗನ್ ಪ್ರಾಧ್ಯಾಪಕನ ಪಟ್ಟಿ. ಬ್ಲೂಮೆನ್‌ಬಾಕ್‌ನ ಹೆಸರನ್ನೂ ಅವನು ಕೇಳಿರಲಿಕ್ಕಿಲ್ಲ.

1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸುವಂತಿಲ್ಲ ಎಂದಿತು. ಆದರೆ ಬರೆಯುವುದು ನಿಲ್ಲಲಿಲ್ಲ. ದಲ್ಲಾಳಿಗಳೂ ನೆರೆಯವರೂ ಬಾಯಿಮಾತಿನಲ್ಲೇ ಜಾರಿ ಮಾಡಿದರು. ಮನೆ ಮಾರಾಟದಲ್ಲಿ ತಾರತಮ್ಯ ಬೇಡವೆಂಬ ಕಾಯಿದೆಯನ್ನು 1964ರ ಮಾರ್ಚಿನಲ್ಲಿ ಸಿಯಾಟಲ್ ಮತದಾರರ ಮುಂದಿಟ್ಟಾಗ ಸುಮಾರು ಎರಡಕ್ಕೊಂದರಂತೆ ಸೋತಿತು. ಉದಾರವಾದಿಗಳ ಊರು ಎಂದು ನಾವು ನೆಂಟರಿಗೆಲ್ಲ ಹೇಳಿಕೊಳ್ಳುವ ಊರಿದು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಹದಿನೈದು ದಿನಗಳಲ್ಲಿ, 1968ರ ಏಪ್ರಿಲ್ 19ರಂದು, ನಗರಸಭೆಯ ಮೊದಲ ಕರಿಯ ಸದಸ್ಯ ಸ್ಯಾಮ್ ಸ್ಮಿತ್ ಮುಂದಾಳತ್ವದಲ್ಲಿ ಕಾಯಿದೆ ಅಂಗೀಕಾರವಾಯಿತು. ಕೇಂದ್ರದ ಕಾಯಿದೆ ಅದಕ್ಕೆ ಎಂಟು ದಿನ ಮೊದಲು ಬಂದಿತ್ತು.

ನಮ್ಮವರಲ್ಲಿ ಹೆಚ್ಚಿನವರು ಇರುವುದು ಸಮಾಮಿಷ್, ಇಸಕ್ವಾ, ಬಾತೆಲ್ ಕಡೆಯ ಹೊಸ ಬಡಾವಣೆಗಳಲ್ಲಿ. ಅಲ್ಲಿ ಈ ಷರತ್ತು ಸಿಗುವುದು ಕಷ್ಟ. ಅಲ್ಲಿರುವುದು ಬೇಲಿಗೆ ಯಾವ ಬಣ್ಣ, ಕಸದ ಡಬ್ಬಿ ಬೀದಿಗೆ ಕಾಣಬಹುದೇ, ಮುಂದಿನ ಅಂಗಳದಲ್ಲಿ ಏನು ನೆಡಬಹುದು ಎಂಬ ಷರತ್ತುಗಳು. ಕಾನೂನಿನ ದೃಷ್ಟಿಯಲ್ಲಿ ಉಪಕರಣ ಅದೇ, ಒಡೆಯರು ಬದಲಾದರೂ ಜಮೀನಿನೊಂದಿಗೇ ಸಾಗುವ ಕರಾರು; ಒಳಗಿನ ಹೂರಣ ಬದಲಾಗಿದೆ. ಆದರೆ ಬ್ಯಾಲರ್ಡ್, ಕ್ವೀನ್ ಆ್ಯನ್, ಶೋರ್‌ಲೈನ್ ಕಡೆ ಹಳೆಯ ಮನೆ ಕೊಂಡವರು, ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿ ಕೊಟ್ಟ ಕಾಗದದ ಕಟ್ಟನ್ನು ಬಿಚ್ಚಿ ನೋಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಇತಿಹಾಸಕಾರ ಜೇಮ್ಸ್ ಗ್ರೆಗರಿ ಅವರ ತಂಡ ಮೊದಲು ಸಿಯಾಟಲ್‌ನಲ್ಲಿ, ಆಮೇಲೆ 2021ರ ಕಾಯಿದೆಯ ಬೆಂಬಲದಿಂದ ರಾಜ್ಯದ ಇತರ ಕಡೆಗಳಲ್ಲೂ ಹುಡುಕಿ, ಹತ್ತಾರು ಸಾವಿರ ಆಸ್ತಿಗಳ ಮೇಲೆ ಇಂಥ ಷರತ್ತನ್ನು ಗುರುತಿಸಿದೆ. ಅವರ ನಕಾಶೆ ಎಲ್ಲರಿಗೂ ತೆರೆದಿದೆ, ಬಡಾವಣೆಯ ಹೆಸರು ಹಾಕಿ ನೋಡಬಹುದು.

ಪದದ ಇವತ್ತಿನ ಸ್ಥಿತಿಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆ ಕೈಪಿಡಿಯ 7ನೇ ಆವೃತ್ತಿ, ಹುಟ್ಟಿನ ದೋಷದಿಂದಾಗಿ ಇದನ್ನು ಬಳಸದಿರಿ ಎನ್ನುತ್ತದೆ. ವೈದ್ಯರ ಬಾಯಲ್ಲಿ ಇನ್ನೂ ಇದೆ. ಮತ್ತೆ ರಷ್ಯಾದಲ್ಲಿ? ಅಲ್ಲಿ ನಿಜವಾದ ಕಾಕಸಸ್ಸಿನಿಂದ ಬಂದ ಜಾರ್ಜಿಯನ್, ಚೆಚನ್, ಆರ್ಮೇನಿಯನ್ ಜನರನ್ನು ಹೀಗಳೆಯುವಾಗ ‘ಕರಿಯರು’ ಎನ್ನುತ್ತಾರೆ.

ಮನೆಪತ್ರದ ಷರತ್ತುಗಳ ಬಗ್ಗೆ 2023ರಲ್ಲಿ ವಾಷಿಂಗ್ಟನ್ ರಾಜ್ಯ ಇನ್ನೊಂದು ಕಾಯಿದೆ ಮಾಡಿತು. ಈ ಷರತ್ತುಗಳಿಂದ ನಷ್ಟವಾದ ಕುಟುಂಬದವರಿಗೆ ಮೊದಲ ಮನೆ ಕೊಳ್ಳಲು ನೆರವು; ಹಣ ಬರುವುದು ಆಸ್ತಿಪತ್ರ ನೋಂದಣಿ ಮಾಡುವಾಗ ಕಟ್ಟುವ 100 ಡಾಲರಿನಿಂದ. ಅರ್ಹರ ಪಟ್ಟಿಯಲ್ಲಿ ಕರಿಯರು, ಮೂಲನಿವಾಸಿಗಳು, ಹಿಸ್ಪಾನಿಕ್ ಜನ, ಕೊರಿಯನ್ನರ ಜೊತೆಗೆ ‘ಏಷಿಯನ್ ಇಂಡಿಯನ್’ ಕೂಡ ಇದೆ. ಆದರೆ ತಾವೋ ತಮ್ಮ ಹಿರಿಯರೋ 1968ರ ಏಪ್ರಿಲಿಗೆ ಮುಂಚೆ ಈ ರಾಜ್ಯದಲ್ಲಿ ವಾಸವಿದ್ದಿರಬೇಕು. ಎಚ್-1ಬಿ ವೀಸಾದ ಮೇಲೆ ಬಂದ ನಮಗೆ ಅದರಲ್ಲಿ ಪಾಲಿಲ್ಲ, ಇರಲೂಬಾರದು. ನಾವು ಬಂದದ್ದು ಬೇರೆಯವರು ಹೊಡೆದಾಡಿ ಬಾಗಿಲು ತೆಗೆಸಿದ ಮೇಲೆ.

ನಿಮ್ಮ ಪತ್ರದಲ್ಲಿ ಆ ಸಾಲು ಸಿಕ್ಕರೆ ಏನು ಮಾಡಬೇಕು? ಕಾನೂನಿನ ಪ್ರಕಾರ ಅದು ಈಗಲೇ ಅನೂರ್ಜಿತ, ಮನೆಗೆ ಬಾಧಕವಿಲ್ಲ. ಬೇಕಿದ್ದರೆ ಕೌಂಟಿಯ ನೋಂದಣಿ ಕಚೇರಿಯಲ್ಲಿ ಒಂದು ತಿದ್ದುಪಡಿ ಪತ್ರ ದಾಖಲು ಮಾಡಬಹುದು; ಶುಲ್ಕವಿಲ್ಲ, ವಕೀಲರೂ ಬೇಡ. ಅದು ಹಳೆಯ ಪುಟವನ್ನು ಅಳಿಸುವುದಿಲ್ಲ, ಅದರ ಪಕ್ಕದಲ್ಲಿ ಈ ಷರತ್ತು ಊರ್ಜಿತವಲ್ಲ ಎಂಬ ನಿಮ್ಮ ಘೋಷಣೆಯನ್ನು ಸೇರಿಸುತ್ತದೆ. ಕೋರ್ಟಿಗೆ ಹೋಗಿ ಆ ಸಾಲನ್ನೇ ತೆಗೆಸುವ ದಾರಿಯೂ ಇದೆ. ನನ್ನನ್ನು ಕೇಳಿದರೆ ಮೊದಲನೆಯದೇ ಒಳ್ಳೆಯದು, ಮುಂದೆ ಆ ಮನೆ ಕೊಳ್ಳುವವರು ಎರಡು ಕಾಗದವನ್ನೂ ಓದಲಿ. ನಮೂನೆ ಕಿಂಗ್ ಕೌಂಟಿಯ ಕಚೇರಿಯಲ್ಲೂ ಅವರ ಜಾಲತಾಣದಲ್ಲೂ ಸಿಗುತ್ತದೆ. ಅದನ್ನು ತುಂಬಲು ಬೇಕಾದದ್ದು ಹಳೆಯ ದಾಖಲೆಯ ನೋಂದಣಿ ಸಂಖ್ಯೆ ಮತ್ತು ನಿಮ್ಮ ಆಸ್ತಿಯ ವಿವರ. ಸಂಖ್ಯೆ ಸಿಗದಿದ್ದವರು ಟೈಟಲ್ ಕಂಪನಿಯನ್ನು ಕೇಳಿ, ಕೊಡುತ್ತಾರೆ.